ಗಂಡು ಸಾಲಿನ ಹೂವಿನ ಮಾಲೆ

ನಮ್ಮಕ್ಕ ಹೊಳಿಯವ್ವನಿಗೆ ಹುಟ್ಟಿದ ದಿನಗಳು ಎರಡು. ಶಾಲೆಯ ದಾಖಲೆಯಲ್ಲಿ ಜೂನ್ ಒಂದು. ಆ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಇಡೀ ತರಗತಿಯೇ ಜೂನ್ ಒಂದಕ್ಕೆ ಹುಟ್ಟುತ್ತಿತ್ತು. ಮಾಸ್ತರರಿಗೆ ಬರೆಯಲು ಸಲೀಸು. ಇನ್ನೊಂದು ನಮ್ಮವ್ವ ಹೇಳುತ್ತಿದ್ದ ದಿನ. ನಾಗರ ಪಂಚಮಿಯ ಮರುದಿನ, ತುಂಗಭದ್ರೆ ಉಕ್ಕಿ ಬಂದು ಗಳಗನಾಥದ ಕಡೆಯ ದಾರಿಯೆಲ್ಲ ಮುಚ್ಚಿಹೋದ ಮುಂಜಾನೆ. ಸೂಲಗಿತ್ತಿ ಆಚೆ ದಂಡೆಯಲ್ಲೇ ಉಳಿದದ್ದರಿಂದ ಅಜ್ಜಿಯೇ ಹೆರಿಗೆ ಮಾಡಿಸಿದಳಂತೆ, ಹೊಳೆ ಬಂದ ದಿನ ಹುಟ್ಟಿದ ಕೂಸಿಗೆ ಹೊಳಿಯವ್ವ ಎಂದು ಹೆಸರಿಟ್ಟರಂತೆ. ನಾನು ಅವ್ವನ ಮಾತನ್ನೇ ನಂಬುತ್ತೇನೆ. ಹೆರಿಗೆಯ ಹೊತ್ತಿಗೆ ಅವ್ವ ಅಲ್ಲಿದ್ದಳು, ಮಾಸ್ತರರು ಇರಲಿಲ್ಲ.

ಅವ್ವನ ಲೆಕ್ಕದಂತೆ ಈ ವರ್ಷದ ಪಂಚಮಿಯ ಮರುದಿನ ಅಕ್ಕನಿಗೆ ಅರವತ್ತು ತುಂಬುತ್ತಿತ್ತು. ಹುಟ್ಟುಹಬ್ಬ ಮಾಡೋಣ ಎಂದವನು ನಾನು. ಆಮೇಲೆ ಆದದ್ದಕ್ಕೆಲ್ಲ ಕಾರಣನೂ ನಾನೇ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಹೆಸರು ಪ್ರಭುಲಿಂಗಪ್ಪ. ಹಾವೇರಿ ಬಸ್ ಸ್ಟ್ಯಾಂಡಿನ ಹಿಂದುಗಡೆ ಮೊದಲು ಬೋರ್ಡು ಬರೆಯುತ್ತಿದ್ದೆ, ಈಗ ಅದೇ ಅಂಗಡಿಯಲ್ಲಿ ಫ್ಲೆಕ್ಸ್ ಪ್ರಿಂಟ್ ಹಾಕುತ್ತೇನೆ. ದಿನಾ ಬೆಳಗಾದರೆ ಯಾರದೋ ಹುಟ್ಟುಹಬ್ಬ, ಯಾರದೋ ಆಯ್ಕೆಯ ಅಭಿನಂದನೆ, ಯಾರದೋ ಶ್ರದ್ಧಾಂಜಲಿ. ಇಪ್ಪತ್ತು ವರ್ಷದ ಹುಡುಗರಿಗೆ ಇಪ್ಪತ್ತಡಿಯ ಬ್ಯಾನರು ಹೊಡೆದು ಕೊಟ್ಟ ನಾನು, ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದ ಅಕ್ಕನಿಗೆ ಒಂದೂ ಹೊಡೆದಿರಲಿಲ್ಲ. ನಾಚಿಕೆಯಾಯಿತು.

ಅಕ್ಕನನ್ನು ಕೊಟ್ಟದ್ದು ರಾಣೆಬೆನ್ನೂರಿನಿಂದ ಎಂಟು ಕಿಲೋಮೀಟರು ಒಳಗಿನ ಒಂದು ಹಳ್ಳಿಗೆ. ಆ ಸೀಮೆಯಲ್ಲಿ ಹತ್ತಿ ಬೆಳೆಯುವುದು ಅರಳೆಗಲ್ಲ, ಬೀಜಕ್ಕೆ. ಹೊಲದ ಬಹುಪಾಲು ಹೆಣ್ಣು ಸಾಲು, ಒಂದು ಅಂಚಿಗೆ ಗಂಡು ಸಾಲು. ಸಂಜೆಯ ಹೊತ್ತು ಹೆಂಗಸರು ಹೆಣ್ಣು ಸಾಲಿನಲ್ಲಿ ನಡೆದು, ನಾಳೆ ಅರಳಲಿರುವ ಒಂದೊಂದು ಮೊಗ್ಗನ್ನೂ ಹೆಬ್ಬೆರಳ ಉಗುರಿನಿಂದ ಬಿಡಿಸಿ, ಒಳಗಿನ ಗಂಡು ಭಾಗವನ್ನು ಚೂರೂ ಉಳಿಯದಂತೆ ಸುಲಿದು ತೆಗೆದು, ಗುರುತಿಗೆ ಕೆಂಪು ದಾರ ಕಟ್ಟುತ್ತಾರೆ. ಮರುದಿನ ಬಿಸಿಲೇರಿದ ಮೇಲೆ ಗಂಡು ಸಾಲಿನ ಹೂ ತಂದು ಅದಕ್ಕೆ ಮುಟ್ಟಿಸುತ್ತಾರೆ. ಇದಕ್ಕೆ ಕ್ರಾಸಿಂಗ್ ಅಂತ ಹೆಸರು, ಇಂಥ ಹೊಲಕ್ಕೆ ಪ್ಲಾಟು ಅಂತ. ಎರಡು ತಿಂಗಳು, ದಿನಕ್ಕೆ ಎರಡು ಹೊತ್ತು, ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ. ಸಂಜೆ ಸುಲಿದ ಹೂವಿಗೆ ಬೆಳಿಗ್ಗೆ ಗಂಡು ಮುಟ್ಟದಿದ್ದರೆ ಅದು ಉದುರಿ ಬೀಳುತ್ತದೆ. ಸುಲಿಯುವಾಗ ಒಂದು ಎಳೆ ಒಳಗೆ ಉಳಿದರೆ ಇನ್ನೂ ಕೆಟ್ಟದ್ದು. ಹೂ ತನ್ನಷ್ಟಕ್ಕೆ ಕಾಯಿ ಕಟ್ಟಿ, ಆ ಬೀಜ ಒಳ್ಳೆಯದರಲ್ಲಿ ಬೆರೆತು, ಬೀಜದ ಕಂಪನಿಯವರ ಪರೀಕ್ಷೆಯಲ್ಲಿ ಇಡೀ ಲಾಟು, ಅಂದರೆ ಆ ಹಂಗಾಮಿನ ಬೀಜವೆಲ್ಲ, ಫೇಲಾಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಈ ಕೆಲಸದಲ್ಲಿ ನಮ್ಮಕ್ಕನಂಥ ಕೈ ಆ ಸುತ್ತಿನಲ್ಲಿ ಇನ್ನೊಂದಿರಲಿಲ್ಲ. ಮೂವತ್ತು ವರ್ಷದಿಂದ ಅವಳ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೇ ಇದೆ. ಮದುವೆಗೆ ಹೋದರೂ ಅದನ್ನು ತೆಗೆಯುವುದಿಲ್ಲ. ಟೊಮೆಟೊ, ಬದನೆ, ಹೀರೆ, ಏನೇ ಇರಲಿ, ಅವಳಿಗೆ ಬಾರದ ಹೂವಿಲ್ಲ. ಬ್ಯಾಡಗಿ ಕಡೆಯವರು ಮೆಣಸಿನ ಪ್ಲಾಟಿಗೆ ಹೆಂಗಸರನ್ನು ತಯಾರು ಮಾಡಲು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ನಾನು ಒಂದು ಸಲ ಪ್ಲಾಟಿನಲ್ಲಿ ಸುಮ್ಮನೆ ಕೈಯಾಡಿಸಲು ಹೋದಾಗ, "ಏ ಪ್ರಭು, ಕೆಂಪು ದಾರ ಕಟ್ಟಿದ್ದನ್ನ ಮುಟ್ಟಿದಿ ಅಂದ್ರ ಕೈ ಮುರೀತೇನಿ ನೋಡು" ಅಂದಿದ್ದಳು. ಈ ಮಾತನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡೆ. ನೆನಪಿಟ್ಟುಕೊಂಡದ್ದೇ ಮುಳುವಾಯಿತು.

ಅಕ್ಕನ ಗಂಡ ಹಾಲೇಶಪ್ಪ ಭಾವ ಮಾತು ಕಡಿಮೆಯ ಮನುಷ್ಯ. ಮನೆಯ ಮಾತನ್ನೆಲ್ಲ ಅಕ್ಕನಿಗೇ ಬಿಟ್ಟುಕೊಟ್ಟು, ತಾನು ಎತ್ತಿನ ಜೊತೆ ಮಾತಾಡಿಕೊಂಡು ಅರವತ್ತೈದು ದಾಟಿದ್ದಾನೆ. ಒಬ್ಬನೇ ಮಗ ಮಾಲತೇಶ. ಸೊಸೆ ಸುನಿತಾ, ಕರ್ಜಗಿಯ ಹುಡುಗಿ. ಮದುವೆಯಾಗಿ ಬಂದ ವರ್ಷ ಅವಳಿಗೆ ಮೊಗ್ಗು ಯಾವುದು, ಕಾಯಿ ಯಾವುದು ಗೊತ್ತಿರಲಿಲ್ಲ. ಅಕ್ಕ ಹಟ ಹಿಡಿದು ಕಲಿಸಿದಳು. ಎರಡೇ ಹಂಗಾಮಿಗೆ ಸೊಸೆಯ ಕೈ ಅತ್ತೆಯ ಕೈಗೆ ಸಮನಾಯಿತು. ಆಗ ಅಕ್ಕನಿಗೆ ಆದ ಹೆಮ್ಮೆ ಇಷ್ಟಿಷ್ಟಲ್ಲ. ಮಗಳಿಲ್ಲದ ಮನೆಗೆ ಮಗಳು ಬಂದಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದಳು.

ಅಷ್ಟು ಹೊಂದಿಕೊಂಡವರು ಕೆಟ್ಟದ್ದು ಹೋದ ಹಂಗಾಮಿನ ಲಾಟಿನಿಂದ. ಲಾಟು ಫೇಲಾಯಿತು ಎಂದು ಕಂಪನಿಯಿಂದ ಸುದ್ದಿ ಬಂದ ದಿನ ಅಕ್ಕ ಹತ್ತು ಮಂದಿ ಹೆಂಗಸರ ಎದುರು ಸುನಿತಾಳ ಮೇಲೆ ಹರಿಹಾಯ್ದಳಂತೆ. "ಫೋನ್ ನೋಡ್ಕೊಂತ ಮೊಗ್ಗು ಸುಲದ್ರ ಇನ್ನೇನಾಕ್ಕೈತಿ? ನಿನ್ನ ಸಾಲಿಂದ ಇದು" ಅಂದಳಂತೆ. ಸುನಿತಾ ಸುಮ್ಮನಿದ್ದಿದ್ದರೆ ನಾಲ್ಕು ದಿನಕ್ಕೆ ತಣ್ಣಗಾಗುತ್ತಿತ್ತು. ಅವಳು, "ಅತ್ತಿ, ನಿಮಗ ಕಣ್ಣು ಕಾಣವಲ್ದ್ರಿ. ನಿಮ್ಮ ಸಾಲಿನಾಗ ಭಾಳ ಬಿಟ್ಟೀರಿ. ನಾ ನೋಡೇನಿ" ಅಂದುಬಿಟ್ಟಳು.

ನಮ್ಮಕ್ಕನಿಗೆ ನೀನು ಕಪ್ಪು, ನೀನು ಕುಳ್ಳಿ, ನಿನ್ನ ಸಾರಿಗೆ ಉಪ್ಪಿಲ್ಲ, ಏನು ಬೇಕಾದರೂ ಅನ್ನಬಹುದು, ನಗುತ್ತಾಳೆ. ನಿನಗೆ ಮೊಗ್ಗು ಕಾಣುವುದಿಲ್ಲ ಅನ್ನುವಂತಿಲ್ಲ. ಅದು ಅವಳ ಮರ್ಯಾದೆ. ಅವತ್ತಿನಿಂದ ಅತ್ತೆ ಸೊಸೆಗೆ ಮಾತಿಲ್ಲ. ತಿಂಗಳೊಪ್ಪತ್ತಿನಲ್ಲಿ ಪಡಸಾಲೆಯ ನಡುವೆ ಇಟ್ಟಿಗೆ ಗೋಡೆ ಎದ್ದು ಒಲೆ ಎರಡಾದವು. ಈ ಹಂಗಾಮಿನಲ್ಲಿ ಸುನಿತಾ ಪ್ಲಾಟಿಗೆ ಕಾಲಿಡಲಿಲ್ಲ. ಮಾಲತೇಶ ರಾಣೆಬೆನ್ನೂರಿನಲ್ಲಿ ಒಂದು ಬಾಡಿಗೆ ಮನೆ ನೋಡಿ ಮುಂಗಡವನ್ನೂ ಕೊಟ್ಟಿದ್ದ. ಸುನಿತಾ ಪಂಚಮಿಗೆ ಕರ್ಜಗಿಯ ತವರಿಗೆ ಹೋದವಳು ಹಳ್ಳಿಗೆ ವಾಪಸ್ಸು ಬರುವುದಿಲ್ಲ, ನೆಟ್ಟಗೆ ರಾಣೆಬೆನ್ನೂರಿಗೇ ಬರುತ್ತಾಳೆ ಎಂದು ಅವನು ನನಗೆ ಫೋನಿನಲ್ಲಿ ಹೇಳಿದ. "ಮಾಮಾ, ನಾ ಯಾರ ಕಡೆ ಆಗಲಿ ಹೇಳು?" ಅಂದ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಡುವೆ ಸಿಕ್ಕ ಗಂಡನಿಗೆ ಯಾವ ಕಾಲವೂ ಇಲ್ಲ.

ಅರವತ್ತರ ನೆಪದಲ್ಲಾದರೂ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಬೇಕು ಅನ್ನುವುದು ನನ್ನ ಒಳಗಿನ ಹಂಚಿಕೆ. ಸುನಿತಾಗೆ ಫೋನ್ ಹಚ್ಚಿದೆ. "ನೋಡ್ತೇನ್ರಿ ಮಾಮಾ" ಅಂದಳು. ಅಕ್ಕನಿಗೆ ಹೇಳಿದರೆ, "ಅಕಿ ಬರೂದಿಲ್ಲ ಬಿಡು. ಯಾಕ ಬರ್ತಾಳ? ಕುರುಡಿ ಅತ್ತಿ ಮಾರಿ ನೋಡಾಕ?" ಅಂದಳು. ಸಿಟ್ಟಿನಲ್ಲಿ ಅಂದದ್ದೇ. ಆದರೆ ಆಮೇಲೂ ಫೋನು ಇಡಲಿಲ್ಲ.

ಕ್ರಾಸಿಂಗ್ ಬಿಟ್ಟು ಮನೆಯಲ್ಲಿ ಕೂರಲು ಅಕ್ಕ ಒಪ್ಪಲಿಲ್ಲ. ಆದ್ದರಿಂದ ಕಾರ್ಯಕ್ರಮ ಪ್ಲಾಟಿನ ಶೆಡ್ಡಿನಲ್ಲೇ, ಬಿಸಿಲೇರುವ ಮುಂಚೆ, ಎಂಟೂವರೆಗೆ ಎಂದಾಯಿತು. ಆರತಿ, ಮಾಲೆ, ಕೇಕು, ಉಪ್ಪಿಟ್ಟು. ಒಂಬತ್ತೂವರೆಗೆ ಕೆಲಸ ಶುರು. ಅರವತ್ತು ವರ್ಷಕ್ಕೆ ಅಕ್ಕ ಕೊಟ್ಟ ಬಿಡುವು ಒಂದು ತಾಸು.

ಅವತ್ತು ನಸುಕಿನಲ್ಲೇ ಹಾವೇರಿ ಬಿಟ್ಟೆ. ಬೈಕಿನ ಹಿಂದೆ ಸುರುಳಿ ಸುತ್ತಿದ ಬ್ಯಾನರು, ಡಬ್ಬಿಯಲ್ಲಿ ಹೆಂಡತಿ ಕಟ್ಟಿಕೊಟ್ಟ ಶೇಂಗಾ ಉಂಡಿ, ತಂಬಿಟ್ಟು. ಪಂಚಮಿಗೆ ಅಕ್ಕನನ್ನು ಕರೆದುಕೊಂಡು ಹೋಗಲು ನಮ್ಮ ತವರುಮನೆ ಈಗ ಉಳಿದಿಲ್ಲ, ಅದಕ್ಕೆ ತವರೇ ಬೈಕಿನ ಮೇಲೆ ಹೊರಟಿತ್ತು ಅನ್ನಿ. ಪ್ಲಾಟಿಗೆ ಬಂದು ಬ್ಯಾನರು ಕಟ್ಟಿದೆ. ಆರಡಿ ಎಂಟಡಿ, ನಡುವೆ ಅಕ್ಕನ ನಗುಮುಖ, ಕೆಳಗೆ ನನ್ನ ಕೈಬರಹವನ್ನೇ ಸ್ಕ್ಯಾನ್ ಮಾಡಿ ಹಾಕಿದ ಅಕ್ಷರ. ದೂರ ನಿಂತು ನೋಡಿ ನಾನೇ ಖುಷಿಪಟ್ಟೆ. ಆಗ ನೆನಪಾಯಿತು. ಮಾಲೆ! ಹಿಂದಿನ ದಿನ ಹಾವೇರಿಯಲ್ಲಿ ಹೂವಿನವನ ಹತ್ತಿರ ಕಟ್ಟಿಸಿ, ಬಾಡಬಾರದೆಂದು ಮನೆಯ ಫ್ರಿಜ್ಜಿನಲ್ಲಿಟ್ಟ ಮಾಲೆ ಅಲ್ಲೇ ಉಳಿದಿತ್ತು.

ಮಾಲತೇಶ ಕೇಕು ತರಲು ರಾಣೆಬೆನ್ನೂರಿಗೆ ಹೋಗಿದ್ದ. ಅಕ್ಕ, ಭಾವ ಇನ್ನೂ ಊರಲ್ಲಿ. ಪ್ಲಾಟಿನಲ್ಲಿ ನಾನೊಬ್ಬನೇ. ಸುತ್ತಲೂ ಕಣ್ಣಾಡಿಸಿದೆ. ಅಂಚಿನ ಐದಾರು ಸಾಲಿನಲ್ಲಿ, ಇನ್ನೇನು ಬಿರಿಯಬೇಕು ಅನ್ನುವ ಕೆನೆಬಣ್ಣದ ದಪ್ಪ ಮೊಗ್ಗುಗಳು ಗಿಡಗಿಡಕ್ಕೂ ನಿಂತಿದ್ದವು. ಹತ್ತಿರ ಹೋಗಿ ನೋಡಿದೆ. ಒಂದಕ್ಕೂ ಕೆಂಪು ದಾರ ಇಲ್ಲ! ದಾರ ಕಟ್ಟಿದ್ದನ್ನು ಮುಟ್ಟಬಾರದು, ಅಂದರೆ ಕಟ್ಟದ್ದನ್ನು ಮುಟ್ಟಬಹುದು. ಇವು ಯಾರಿಗೂ ಬೇಡದ ಹೂ, ಅದಕ್ಕೇ ಅಂಚಿಗೆ ತಳ್ಳಿದ್ದಾರೆ ಎಂದು ನನ್ನ ಬುದ್ಧಿಗೆ ಹೊಳೆಯಿತು. ಐವತ್ನಾಲ್ಕು ವರ್ಷದ ಬುದ್ಧಿ. ಬಕೆಟ್ಟು ಹಿಡಿದು ಸಾಲು ಸಾಲಾಗಿ ಬಿಡಿಸಿದೆ, ಒಂದೂ ಉಳಿಸಲಿಲ್ಲ. ಶೆಡ್ಡಿನಲ್ಲಿದ್ದ ಚೀಲ ಹೊಲಿಯುವ ದಬ್ಬಣಕ್ಕೆ, ಅಕ್ಕನ ಬುಟ್ಟಿಯ ಕೆಂಪು ದಾರವನ್ನೇ ಪೋಣಿಸಿ, ತೊಟ್ಟಿಗೆ ಚುಚ್ಚಿ, ಎರಡು ಎಳೆಯ ಭಾರೀ ಮಾಲೆ ಕಟ್ಟಿದೆ. ಸೊಂಟದ ಕೆಳಗೆ ಬರುವಷ್ಟು ಉದ್ದ. ಒದ್ದೆ ಪಂಚೆಯಲ್ಲಿ ಸುತ್ತಿ ಶೆಡ್ಡಿನ ಹೊರಗೆ ಕಟ್ಟೆಯ ಮೇಲಿಟ್ಟೆ. ಹಾವೇರಿಯ ಮಾಲೆಗಿಂತ ಇದೇ ಚಂದ, ಅಕ್ಕನ ಹೊಲದ ಹೂವೇ ಅಕ್ಕನಿಗೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎಂಟೂಕಾಲಿಗೆ ಅಕ್ಕ ಬಂದಳು. ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಕಾಲಲ್ಲಿ ಮಾತ್ರ ಹೊಲದ ಹಳೆಯ ಚಪ್ಪಲಿ. ಹಿಂದೆ ಭಾವ. ಅವರ ಹಿಂದೆ ಮೈಲವ್ವ, ಅಕ್ಕನ ಪ್ಲಾಟಿನ ಹಳೆಯ ಹೆಣ್ಣಾಳು, ತನ್ನ ಗುಂಪಿನ ಹತ್ತು ಹೆಂಗಸರ ಜೊತೆ. ಅಕ್ಕ ಬ್ಯಾನರಿನ ಮುಂದೆ ನಿಂತು ತಲೆಯೆತ್ತಿ ನೋಡಿದಳು. "ಚಂದ ಮಾಡೀಯೋ ತಮ್ಮಾ. ಯಾರದು ಫೋಟೋ, ನಮ್ಮವ್ವಂದ?" ಅಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಮ್ಮಕ್ಕ ಚೇಷ್ಟೆಯವಳು, ಹಾಗೇ ಅಂದಿದ್ದಾಳೆ ಅಂದುಕೊಂಡೆ. ಭಾವ ಮಾತ್ರ ನಗಲಿಲ್ಲ.

ಕೇಕು ಬಂತು. ಆರತಿ ತಟ್ಟೆ ತಯಾರಾಯಿತು. ಅಕ್ಕ ಕುರ್ಚಿಯಲ್ಲಿ ಕೂತು ನಿಮಿಷಕ್ಕೊಮ್ಮೆ ರಸ್ತೆಯ ಕಡೆ ಕತ್ತು ತಿರುಗಿಸುತ್ತಿದ್ದಳು. ಕೇಳಿದರೆ, "ಬಿಸಲ ಎಷ್ಟೇರೇತಿ ನೋಡಾಕತ್ತಿದ್ದೆ" ಅಂದಳು. ಬಿಸಿಲು ಇದ್ದದ್ದು ಇನ್ನೊಂದು ಕಡೆ. ಎಂಟೂಮುಕ್ಕಾಲು ಆಯಿತು. ಇನ್ನು ಬರುವುದಿಲ್ಲ ಎಂದುಕೊಂಡು ಶುರು ಮಾಡೋಣ ಅನ್ನುವಷ್ಟರಲ್ಲಿ ಒಂದು ಬೈಕು ಬಂದು ನಿಂತಿತು. ಸುನಿತಾಳ ಅಣ್ಣ ಅವಳನ್ನು ಇಳಿಸಿ, ಅಲ್ಲಿಂದಲೇ ನಮಸ್ಕಾರ ಮಾಡಿ ತಿರುಗಿಸಿಕೊಂಡು ಹೋದ. ಸುನಿತಾ ಶೆಡ್ಡಿನ ಕಂಬದ ಹತ್ತಿರ ಬಂದು, ಸೆರಗು ಹೊದ್ದು ನಿಂತಳು. ಅಕ್ಕನಿಂದ ಹತ್ತು ಹೆಜ್ಜೆ ದೂರ. ಅಕ್ಕ ನೋಡಲಿಲ್ಲ, ಅಥವಾ ನೋಡದವಳಂತೆ ಇದ್ದಳು. ಆದರೆ ಆಮೇಲೆ ರಸ್ತೆಯ ಕಡೆ ತಿರುಗಲಿಲ್ಲ.

ಮಾಲೆಗೆ ಹೊತ್ತಾಯಿತು. ಕಟ್ಟೆಯ ಮೇಲಿನ ಪಂಚೆ ಬಿಚ್ಚಿದೆ. ಬಿಸಿಲಿಗೆ ಬಿಸಿಯಾಗಿ ಮೊಗ್ಗುಗಳೆಲ್ಲ ಒಳಗೇ ಅರಳಿಬಿಟ್ಟಿದ್ದವು! ಎರಡೂ ಕೈಯಿಂದ ಎತ್ತಿ ಹಿಡಿದು ತಂದೆ. ಹೆಂಗಸರ ಕಣ್ಣು ಅಗಲವಾದವು, ಮಾಲತೇಶನ ಕೈಯಲ್ಲಿದ್ದ ಚಾಕು ಕೇಕಿನ ಮೇಲೆ ಹಾಗೇ ನಿಂತಿತು. ನನ್ನ ಕಲೆ ನೋಡಿ ಬೆರಗಾದರು ಎಂದು ನಾನು ಇನ್ನೂ ಎದೆಯುಬ್ಬಿಸಿ, ಅಕ್ಕನ ಕೊರಳಿಗೆ ಹಾಕಿ, ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಅಕ್ಕ ತಲೆ ಬಗ್ಗಿಸಿ ಎದೆಯ ಮೇಲಿನ ಹೂಗಳನ್ನು ನೋಡಿಕೊಂಡಳು. ಮುಖ ಅರಳಿತು. "ಎಷ್ಟು ಚಂದ ಅದಾವೋ ಪ್ರಭು! ಬಿಳಿ ಸೇವಂತಿಗಿ ಇಷ್ಟು ಲಗೂ ಎಲ್ಲಿ ಸಿಕ್ಕಾವು ನಿನಗ?"

ಮೂವತ್ತು ವರ್ಷ ಹತ್ತಿ ಹೂವನ್ನು ಉಗುರಿನಲ್ಲಿ ಹಿಡಿದು ಬದುಕಿದವಳು, ತನ್ನ ಹೊಲದ ಹತ್ತಿ ಹೂವನ್ನು ತನ್ನ ಕೊರಳಲ್ಲೇ ಹಾಕಿಕೊಂಡು, ಗೇಣು ದೂರದಿಂದ ನೋಡಿ, ಸೇವಂತಿಗಿ ಅಂದಿದ್ದಳು. ನನಗೆ ಹೂವಿನ ವಿಷಯ ಆಗಲೂ ಪೂರ್ತಿ ತಿಳಿದಿರಲಿಲ್ಲ. ಅಕ್ಕನ ಕಣ್ಣಿನ ವಿಷಯ ತಿಳಿಯಿತು. ಸುನಿತಾ ಅಂದದ್ದು ಖರೇ ಇತ್ತು.

ಮೈಲವ್ವ ಅಂಚಿನ ಸಾಲಿನ ಕಡೆ ಓಡಿ ನೋಡಿ ಬಾಯಿ ಬಡಿದುಕೊಂಡು ಬಂದಳು. "ಅಯ್ಯ ನಮ್ಮವ್ವ, ಗಂಡು ಸಾಲೆಲ್ಲ ಬೋಳು ಬೋಳು! ಒಂದು ಹೂ ಇಲ್ಲಬೇ! ನಿನ್ನೆ ಸುಲದ ಹೆಣ್ಣೆಲ್ಲ ಇವತ್ತ ಕಾಯಾಕತ್ತಾವ. ಯಾವ ಹಾಳಾದವ..." ಅಂದವಳು ನನ್ನ ಕಡೆ ನೋಡಿದಳು. ಆಮೇಲೆ ಅಕ್ಕನ ಕೊರಳ ಕಡೆ. ಇನ್ನೇನು ಬಾಯಿ ಬಿಡಬೇಕು, ಅಷ್ಟರಲ್ಲಿ ಕಂಬದ ಹತ್ತಿರದಿಂದ ಸುನಿತಾ ಮುಂದೆ ಬಂದಳು.

ಆ ಹುಡುಗಿ ಅವತ್ತು ಗೆಲ್ಲಬಹುದಿತ್ತು. ನೋಡಿದಿರೇನು, ನಾನು ಹೇಳಿರಲಿಲ್ಲವೇ, ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಒಂದು ವರ್ಷ ಹತ್ತು ಮಂದಿಯ ಎದುರು ಹೊತ್ತ ಅಪವಾದ ಅದೇ ಹತ್ತು ಮಂದಿಯ ಎದುರು ಇಳಿಯುತ್ತಿತ್ತು.

"ಯಾಕ ಒದರ್ತೀಯಬೇ ಮೈಲವ್ವ," ಅಂದಳು. "ಹೂ ಎಲ್ಲೆ ಹೋಗ್ಯಾವ? ಅತ್ತಿ ಕೊಳ್ಳಾಗ ಅದಾವಲ್ಲ. ಅತ್ತಿನೇ ಮಾಮಾಗ ಹೇಳಿ ಕಟ್ಟಿಸ್ಯಾರ. ಬುಟ್ಟಿಯೊಳಗ ಒಂದರ ಮ್ಯಾಲ ಒಂದು ಬಿದ್ದು ನಜ್ಜಾಕ್ಕಾವಂತ, ಪೋಣಿಸಿದ್ರ ಬಿಸಲಿಗೆ ಛಲೋ ಅರಳ್ತಾವಂತ. ಸೇವಂತಿಗಿ ಅಂದಿದ್ದು ಮಾಮಾಗ ಚಾಷ್ಟಿ ಮಾಡಾಕ. ಹೌದಲ್ರಿ ಅತ್ತಿ?"

ಇಷ್ಟು ಹಸಿ ಸುಳ್ಳನ್ನು ಇಷ್ಟು ಸಲೀಸಾಗಿ ಹೇಳುವ ಹೆಣ್ಣುಮಗಳನ್ನು ನಾನು ನೋಡಿರಲಿಲ್ಲ. ಮೈಲವ್ವ ಅರ್ಧ ನಂಬಿದಳು. ನಾನಂತೂ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆನಲ್ಲ ಎಂದು ಕಲ್ಲಿನಂತೆ ನಿಂತಿದ್ದೆ.

ಅಕ್ಕ ಬಲಗೈ ಎತ್ತಿ, ಒಂದು ಹೂವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದಳು. ಕಣ್ಣಿಗೆ ಕಾಣದ್ದು ಕೈಗೆ ಕ್ಷಣದಲ್ಲಿ ತಿಳಿಯಿತು. ಹೂವಿನ ನಡುವೆ ಬೆರಳಾಡಿಸಿ ತೆಗೆದಳು. ತುದಿಗೆ ಪುಡಿ ಹತ್ತಿತ್ತು. ಅದನ್ನು ತಿಕ್ಕಿ ನೋಡಿಕೊಂಡಳು. ನನಗೆ ಓಡಿಹೋಗಬೇಕು ಅನ್ನಿಸುತ್ತಿತ್ತು.

"ಇಲ್ಲಬೇ," ಅಂದಳು. ದನಿ ಎತ್ತರಿಸಲಿಲ್ಲ, ಆದರೆ ಹತ್ತೂ ಮಂದಿಗೆ ಕೇಳುವ ಹಾಗೆ ಹೇಳಿದಳು. "ನಾ ಹೇಳಿ ಕಟ್ಟಿಸಿಲ್ಲ. ಚಾಷ್ಟಿನೂ ಮಾಡಿಲ್ಲ. ನನಗ ಕಾಣ್ಲಿಲ್ಲ. ಒಂದೂವರಿ ವರ್ಷ ಆತು, ಎಲ್ಲಾ ಮಂಜ ಮಂಜ. ಕೈಯಾಗ ಹಿಡಕೊಂಡ ಸುಲಿತಿದ್ದೆ, ಕೈ ಸುಳ್ಳ ಹೇಳೂದಿಲ್ಲ ಅನ್ಕೊಂಡಿದ್ದೆ. ಹೋದ ವರ್ಷ ಲಾಟು ಹೋಗಿದ್ದು ನನ್ನ ಸಾಲಿಂದ. ಸುನಿತಾಂದಲ್ಲ. ಅಕಿ ಹೇಳಿದ ದಿನಾನ ನನಗ ಗೊತ್ತಿತ್ತು."

ಭಾವ ಎದ್ದು ಬಂದು ಅಕ್ಕನ ಹೆಗಲ ಮೇಲೆ ಕೈಯಿಟ್ಟು ನಿಂತ. ಹತ್ತು ಮಂದಿಯ ಎದುರು ಅವನು ಹೆಂಡತಿಯನ್ನು ಮುಟ್ಟಿದ್ದನ್ನು ನಾನು ಮದುವೆಯ ದಿನ ಬಿಟ್ಟರೆ ಅವತ್ತೇ ನೋಡಿದ್ದು. ಸುನಿತಾ ಅಳುತ್ತಿದ್ದಳು. ನಾನೂ ಅಳುತ್ತಿದ್ದೆ, ಅದರಲ್ಲಿ ಮುಚ್ಚಿಡುವುದೇನಿದೆ.

ಅಕ್ಕನೇ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. "ಏನ್ ಮಾರಿ ಮಾರಿ ನೋಡ್ಕೊಂತ ನಿಂತೀರಿ? ಒಂಬತ್ತೂವರಿ ಆತಿಲ್ಲೋ? ಹೂ ನಿಮ್ಮ ಸಲುವಾಗಿ ನಿಂದರ್ತಾವೇನು? ನಡೀರಿ ಸಾಲಿಗೆ."

"ಮಾಲಿ ತಗದ ಕೊಡು ಹೊಳಿಯಕ್ಕ, ಹಂಚಿಕೊಂತೇವಿ," ಅಂದಳು ಮೈಲವ್ವ.

"ಒಂದೆಳಿ ತಗೋರಿ. ಇನ್ನೊಂದು ಇರ್ಲಿ. ಹರದ ತಗದ್ರ ಪುಡಿ ಉದರತೈತಿ. ನಾನ ಸಾಲಿನಾಗ ಬರ್ತೇನಿ, ನನ್ನ ಕೊಳ್ಳಾಗಿಂದ ಕಿತ್ಕೋರಿ."

ಹೀಗೆ ನಮ್ಮಕ್ಕನ ಅರವತ್ತರ ಮೆರವಣಿಗೆ ಹೊರಟಿತು. ಮುಂದೆ ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಅಕ್ಕ, ಪಕ್ಕದಲ್ಲಿ ಸುನಿತಾ. ಸುನಿತಾ ಅಕ್ಕನ ಕೊರಳಿನಿಂದ ಒಂದು ಹೂ ಕಿತ್ತು, ದಾರ ಕಟ್ಟಿದ ನಾಲ್ಕೈದು ಹೂವಿಗೆ ಮುಟ್ಟಿಸಿ, ಅದನ್ನು ಬಿಸಾಡಿ, ಮತ್ತೆ ಕೊರಳಿಗೆ ಕೈ ಹಾಕುತ್ತಿದ್ದಳು. ಉಳಿದ ಹೆಂಗಸರೂ ತಮ್ಮ ಕೈಯಲ್ಲಿದ್ದದ್ದು ಮುಗಿದಾಗ ಸಾಲು ದಾಟಿ ಬಂದು ಅಕ್ಕನ ಕೊರಳಿಂದಲೇ ಕಿತ್ತುಕೊಳ್ಳುತ್ತಿದ್ದರು. ಕಿತ್ತಾಗೊಮ್ಮೆ ಒಬ್ಬೊಬ್ಬರೂ ಏನೋ ಅನ್ನುವವರೇ. "ನೂರು ವರ್ಷ ಬಾಳಬೇ," ಅಂದಳು ಒಬ್ಬಳು. "ನಿಂದ ಹುಟ್ಟಹಬ್ಬ, ಮದಿವಿ ನಮ್ಮ ಹೆಣ್ಣು ಹೂಗೋಳ್ದು," ಅಂದಳು ಮೈಲವ್ವ. ನಗೆಯೋ ನಗೆ. ನಾನು ಕೇಕಿನ ಚೂರುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಸಾಲಿನಲ್ಲಿ ಹಿಂದೆ ಹಿಂದೆ ಓಡುತ್ತ, ಪುಡಿ ಹತ್ತಿದ ಕೈಯವರಿಗೆ ಬಾಯಿಗೇ ಹಾಕುತ್ತಿದ್ದೆ. ಆ ಕೆಲಸಕ್ಕೆ ಮಾತ್ರ ನನ್ನನ್ನು ಯೋಗ್ಯನೆಂದು ಒಪ್ಪಿದರು.

ಹನ್ನೆರಡಕ್ಕೆ ಕಡೆಯ ಸಾಲು ಮುಗಿಯಿತು. ಎಂಟು ಹತ್ತು ಹೂ ಇನ್ನೂ ಉಳಿದಿದ್ದವು. ಅಕ್ಕ ಅವನ್ನು ಹಾಗೇ ಕೊರಳಲ್ಲಿಟ್ಟುಕೊಂಡು ಶೆಡ್ಡಿಗೆ ಬಂದು, ಎರಡು ತಂಬಿಗೆ ನೀರು ಕುಡಿದು, ನನ್ನ ಕಿವಿ ಹಿಡಿದು ತಿರುವಿದಳು. ಖರೇನೇ ತಿರುವಿದಳು, ಸಂಜೆಯವರೆಗೆ ಉರಿಯುತ್ತಿತ್ತು. "ದಾರ ಇಲ್ಲದ್ದ ಬೇವಾರಸಿ ಹೂ ಅಂತ ತಿಳದೇನಲೇ? ಅವು ಇಲ್ಲಂದ್ರ ಇವು ಎಲ್ಲಿಂದ?" ಅಂದಳು. ಆಮೇಲೆ ಅದೇ ಕಿವಿಯ ಹತ್ತಿರ ಬಾಯಿ ತಂದು, "ನೀ ಕಟ್ಟಿದ್ದು ಛಲೋನ ಆತು," ಅಂದಳು.

ಊಟಕ್ಕೆ ಕೂತಾಗ ಮಾಲತೇಶ ಕಣ್ಣಿನ ಆಪರೇಷನ್ನಿನ ಮಾತು ತೆಗೆದ. ಪೊರೆ ಬಂದಿರಬೇಕು, ಈಗಿನ ಕಾಲದಲ್ಲಿ ಅದೇನು ದೊಡ್ಡದಲ್ಲ ಎಂದು ನಾನೂ ದನಿಗೂಡಿಸಿದೆ. ಕ್ರಾಸಿಂಗ್ ಮುಗಿಯುವ ತನಕ ಯಾವ ಆಪರೇಷನ್ನೂ ಇಲ್ಲ ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದಳು. "ಹಂಗಾರ ಅಲ್ಲೀತನಕ ನಾನೂ ಎಲ್ಲೂ ಹೋಗೂದಿಲ್ಲ," ಅಂದಳು ಸುನಿತಾ, ಗಂಡನ ಕಡೆ ನೋಡದೆ, ಅತ್ತೆಯ ತಟ್ಟೆಗೆ ಪಲ್ಯ ಹಾಕುತ್ತ. "ಆಪರೇಷನ್ ಆದಮ್ಯಾಗೂ ತಿಂಗಳಗಟ್ಟಲೆ ಹೊಗಿ ಮುಂದ ಕುಂದ್ರಬಾರದಂತ. ಯಾರು ಅಡಗಿ ಮಾಡ್ತಾರ? ಮಾವಾರು ಮಾಡ್ತಾರೇನು?" ಭಾವ ಗಾಬರಿಯಿಂದ ತಲೆ ಅಲ್ಲಾಡಿಸಿದ. ಮಾಲತೇಶ ಊಟ ಅರ್ಧಕ್ಕೇ ಬಿಟ್ಟು, ಫೋನು ಹಿಡಿದು, ರಾಣೆಬೆನ್ನೂರಿನ ಮನೆಯ ಮಾಲೀಕನಿಗೆ ಏನೋ ಹೇಳಲು ಹೊರಗೆ ಹೋದ. ಅಕ್ಕ ಪಲ್ಯ ಇನ್ನೊಂದಿಷ್ಟು ಹಾಕಿಸಿಕೊಂಡಳು.

ನಾನು ಮೂರು ಗಂಟೆಗೆ ಹೊರಡಬೇಕಿತ್ತು. ಹೊರಡಲಿಲ್ಲ. ನಾಳೆಯ ಮೊಗ್ಗು ಸುಲಿಯುವ ಹೊತ್ತು ಅದು. ಅಕ್ಕ ಏನು ಮಾಡುತ್ತಾಳೆ ಅನ್ನುವುದು ನನಗೆ ನೋಡಬೇಕಿತ್ತು. ತಪ್ಪು ಒಪ್ಪಿಕೊಳ್ಳುವುದು ಒಂದು, ಮೂವತ್ತು ವರ್ಷದ ಕೆಲಸವನ್ನು ಬಿಟ್ಟು ಕೂರುವುದು ಇನ್ನೊಂದು. ಹೆಂಗಸರೆಲ್ಲ ಸಾಲಿಗೆ ಇಳಿದರು. ಅಕ್ಕ ಶೆಡ್ಡಿನ ಕಟ್ಟೆಯ ಮೇಲೆ ಕೂತೇ ಇದ್ದಳು. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು. ಅಷ್ಟು ಸುಮ್ಮನಿದ್ದ ಆ ಕೈಗಳನ್ನು ನಾನು ಎಂದೂ ನೋಡಿರಲಿಲ್ಲ. ಅರವತ್ತು ಆಯಿತು ಅನ್ನುವುದು ನನಗೆ ಬ್ಯಾನರು ಹೊಡೆಯುವಾಗ ತಿಳಿದಿರಲಿಲ್ಲ, ಆಗ ತಿಳಿಯಿತು.

ಸುನಿತಾ ಸಾಲಿನ ತಲೆಯಲ್ಲಿ ನಿಂತು ಹಿಂದಿರುಗಿ ನೋಡಿದಳು. "ಯಾಕ್ರಿ ಅತ್ತಿ, ಏಳವಲ್ರಿ?"

"ಇನ್ನ ನಾ ಯಾಕಬೇ. ಮತ್ತ ಲಾಟು ಕಳೀಲೇನು?"

"ನೀವು ಮುಂದ ಸುಲಕೊಂತ ನಡೀರಿ. ನಾ ಹಿಂದಿಂದ ನೋಡ್ಕೊಂತ ಬರ್ತೇನಿ."

ಅಕ್ಕ ಮೊಣಕಾಲಿಗೆ ಕೈ ಕೊಟ್ಟು ಎದ್ದು, ಸಾಲಿಗೆ ಇಳಿದು, ಮೊದಲ ಗಿಡದ ಮೊಗ್ಗನ್ನು ಬೆರಳಿನಿಂದ ಹುಡುಕಿ ಹಿಡಿದಳು. "ಬಿಟ್ಟಿದ್ದ ಕಂಡ್ರ ಹೇಳಬೇಕ ನೋಡು. ಮುಂಜಾನಿ ಹಂಗ ಮುಚ್ಚಿಡಾಕ ಬರಬ್ಯಾಡ," ಅಂದಳು.

ಇಬ್ಬರೂ ಒಂದೇ ಸಾಲಿನಲ್ಲಿ, ಒಬ್ಬರ ಹಿಂದೆ ಒಬ್ಬರು ಹೊರಟರು. ನಾಲ್ಕು ಗಿಡ, ಐದು ಗಿಡ. ನಾನು ಬೈಕಿನ ಮೇಲೆ ಕೂತು, ಕೀಲಿ ಹಾಕದೆ ಕಿವಿಗೊಟ್ಟಿದ್ದೆ. ಏಳನೆಯ ಗಿಡದ ಹತ್ತಿರ ಸುನಿತಾ ನಿಂತಳು. ಬಗ್ಗಿದಳು.

"ಅತ್ತಿ, ಇಲ್ಲೊಂದ ಬಿಟ್ಟೀರಿ."

ಅಕ್ಕ ನಿಲ್ಲಲೂ ಇಲ್ಲ, ತಿರುಗಲೂ ಇಲ್ಲ.

"ತಗಿಯವ್ವಾ," ಅಂದಳು, ಮುಂದಿನ ಗಿಡಕ್ಕೆ ಕೈ ಚಾಚುತ್ತ.